ಮೂವತ್ತು ತುಂಬಿದ ಹೆಂಗಸರು

ಸುಹೈಲ್ ಸೌದಿಯಿಂದ ವಾಪಸ್ ಬಂದಾಗ ಅವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಬಿಟ್ಟು ಬೇರೇನೂ ಇರಲಿಲ್ಲ. ಅದರೊಳಗೆ ಒಂದು ಲುಂಗಿ, ಒಂದು ಬ್ರಷ್ಷು, ವಿಮಾನದಲ್ಲಿ ಕೊಟ್ಟದ್ದನ್ನು ತಿನ್ನದೆ ಉಳಿಸಿಕೊಂಡಿದ್ದ ಒಂದು ಬನ್ನು. ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹತ್ತದೆ, ಗುರುತಿನವರು ಕಂಡರೆ ಮುಖ ತಿರುಗಿಸಿಕೊಂಡು ಮನೆಗೆ ನಡೆದೇ ಬಂದ. ಬಾಗಿಲು ತೆಗೆದ ಮುಮ್ತಾಜ್‌ಳ ಮೂಗಿಗೆ ಮೊದಲು ಬಡಿದದ್ದು ವಾಸನೆ. ಮಗನ ಮುಖ ಆಮೇಲೆ ಕಂಡಿತು. ಅಪ್ಪಿಕೊಳ್ಳಲು ಚಾಚಿದ ಕೈ ಅರ್ಧಕ್ಕೇ ನಿಂತಿತು.

"ಬಚ್ಚಲಿಗೆ ಹೋಗಪ್ಪ. ನೀರು ಕಾದೈತೆ," ಎಂದಳು.

ಅವನು ಉಟ್ಟು ಬಂದ ಬಟ್ಟೆಯನ್ನು ಒಗೆಯಲು ಹಾಕದೆ ಹಿತ್ತಲಲ್ಲಿ ಸೀಮೆಎಣ್ಣೆ ಸುರಿದು ಸುಟ್ಟಳು.

ಊಟಕ್ಕೆ ಕೂತಾಗ ಸೊಸೆ ಶಾಯಿಸ್ತಾ ಒಂದಾದ ಮೇಲೊಂದು ರೊಟ್ಟಿ ಬಡಿದು ಹಾಕಿದಳು. ಅವನು ತಲೆ ಎತ್ತದೆ ತಿಂದ. ನಾಲ್ಕು ವರ್ಷದ ಮುನ್ನಿ ಅಪ್ಪನ ಗುರುತು ಹತ್ತದೆ ಅಜ್ಜಿಯ ಸೆರಗಿನ ಹಿಂದೆ ನಿಂತಿತ್ತು.

"ಐದು ತಿಂಗಳು ಸಂಬಳ ಕೊಡಲಿಲ್ಲ ಅಬ್ಬ," ಎಂದು ಸುಹೈಲ್ ತಂದೆಗೆ ಹೇಳಿದ. "ಕೇಳಿದ್ರೆ ನಾಳೆ ನಾಳೆ ಅಂತಿದ್ದ. ಹೊಟ್ಟೆಗಿಲ್ದೆ ಇನ್ನೊಬ್ಬನ ಹತ್ರ ಎ.ಸಿ. ರಿಪೇರಿಗೆ ಹೋದೆ. ಅಷ್ಟೇ ನಾನು ಮಾಡಿದ್ದು. ವೀಸಾ ಕೊಟ್ಟ ಕಫೀಲ್ ಐದಾನಲ್ಲ, ಇವನು ಓಡಿಹೋದ ಅಂತ ಸರ್ಕಾರಕ್ಕೆ ಬರೆದುಬಿಟ್ಟ. ಹುರೂಬ್ ಅಂತಾರೆ ಅದಕ್ಕೆ. ಒಂದ್ಸಲ ಹಂಗೆ ಬರೆದ್ರೆ ಮುಗೀತು. ದಾರೀಲಿ ಹಿಡಿದು ಜೈಲಿಗೆ ಹಾಕಿದ್ರು. ಒಂದು ರೂಮಿಗೆ ಅರವತ್ತು ಜನ. ಒಂದು ಕಕ್ಕಸು, ಅದಕ್ಕೂ ಬಾಗಿಲಿಲ್ಲ."

"ಊಟದ ಹೊತ್ತಿಗೆ ಅದ್ಯಾಕೋ ಹೇಳ್ತಿ," ಎಂದ ರಸೂಲ್.

"ಅಲ್ಲಿ ಅದರ ಪಕ್ಕದಾಗೇ ಕೂತು ಉಣ್ತಿದ್ದೆ ಅಬ್ಬ."

"ಸಂಬಳ ಕೊಡದೋನು ಅವನು. ತಪ್ಪು ನಿಂದು ಹೆಂಗಾಯ್ತು? ಕೇಳೋರು ಇಲ್ವಾ ಅಲ್ಲಿ?"

"ಕಫೀಲ್ ಹೇಳಿದ್ದೇ ಅಲ್ಲಿ ಕಾನೂನು. ಬೆರಳಿನ ಗುರುತು ತಗೊಂಡು ಕಳಿಸಿದ್ರು. ಇನ್ನು ಆ ದೇಶದ ಬಾಗಿಲು ನನಗೆ ಮುಚ್ಚಿದ ಹಂಗೇ."

ರಸೂಲ್ ಮುರಿದ ರೊಟ್ಟಿಯನ್ನು ಹಾಗೇ ತಟ್ಟೆಗೆ ಹಾಕಿದ. ಮನೆಯ ಮೇಲೆ ಎರಡನೇ ಅಂತಸ್ತಿನ ಗೋಡೆಗಳು ಸೊಂಟದೆತ್ತರಕ್ಕೆ ಬಂದು ನಿಂತಿದ್ದವು. ಕಂಬಗಳ ತಲೆಯಲ್ಲಿ ಕಬ್ಬಿಣದ ಸರಳುಗಳು ತುಕ್ಕು ಹಿಡಿಯುತ್ತಿದ್ದವು.

ಇವರದು ಪಿಂಜಾರರ ಮನೆತನ. ಮನೆಯಲ್ಲಿ ಆಡುವುದು ಕನ್ನಡ, ಮಾಡುವುದು ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಕೆಲಸ. ಕೆಳಗಿನ ಮನೆಯನ್ನು ಕಟ್ಟಿಸಿದವಳು ಮುಮ್ತಾಜ್. ಹದಿನೆಂಟು ವರ್ಷದ ಹಿಂದೆ, ಅವಳಿಗೆ ಮೂವತ್ತಾಗಿದ್ದಾಗ, ಹನ್ನೆರಡರ ಮಗಳು ಸಾಯಿಮಾಳನ್ನೂ ಒಂಬತ್ತರ ಸುಹೈಲ್‌ನನ್ನೂ ಅತ್ತೆಯ ಹತ್ತಿರ ಬಿಟ್ಟು ಕುವೈತಿಗೆ ಹೋಗಿ ಮನೆಗೆಲಸ ಮಾಡಿದ್ದಳು. ನಾಲ್ಕು ವರ್ಷ. ಅಲ್ಲಿಯ ವಿಷಯ ಕೇಳಿದರೆ "ಬಿಸಿಲು ಜಾಸ್ತಿ" ಎನ್ನುತ್ತಿದ್ದಳು, ಅಷ್ಟೇ. ಸಾಯಿಮಾಳನ್ನು ಈಗ ಸವಳಂಗಕ್ಕೆ ಕೊಟ್ಟಿದ್ದಾರೆ. ಅಳಿಯನಿಗೆ ಗೂಡ್ಸ್ ಆಟೋ ಇದೆ.

ಮಗ ಬಂದ ಮೊದಲ ವಾರ ಮುಮ್ತಾಜ್ ಅವನಿಗೆ ಏನೂ ಹೇಳಲಿಲ್ಲ. ಎದ್ದಾಗ ಎದ್ದ, ಮಲಗಿದಾಗ ಮಲಗಿದ. ಎರಡನೇ ವಾರ ಪೇಟೆಯ ಪ್ರೇಮಮ್ಮ ಬಂದು ಮಗಳ ಮದುವೆಗೆ ನಾಲ್ಕು ಹಾಸಿಗೆ, ಎಂಟು ದಿಂಬು ಬೇಕೆಂದರು.

"ಫೋಮ್ ಬೆಡ್ಡು ಬ್ಯಾಡ ಅಂತಾರೆ ನಮ್ಮ ಬೀಗರು. ಬೆನ್ನು ನೋವು ಬರ್ತದಂತೆ. ಒಳ್ಳೆ ಹತ್ತಿ ಹಾಕಿ ಮಾಡಿಕೊಡ್ರಿ ರಸೂಲಣ್ಣ. ಮಗ ಬಂದಾನಲ್ಲ, ಕೈಗೆ ಕೈ ಕೂಡ್ತದೆ."

ಅವರು ಹೋದ ಮೇಲೆ ರಸೂಲ್ ಮಗನ ಕಡೆ ನೋಡಿದ. ಸುಹೈಲ್ ಮೊಬೈಲಿನಿಂದ ಕಣ್ಣು ಕೀಳದೆ, "ಆ ಧೂಳಿನಾಗೆ ಕೂತ್ಕೊಂಡ್ರೆ ನಂಗೆ ಉಸಿರು ಕಟ್ತದೆ" ಎಂದ.

"ನಿಮ್ಮಪ್ಪಂಗೆ ಕಟ್ಟಲ್ವೇನೋ?" ಎಂದಳು ಮುಮ್ತಾಜ್.

"ಅಬ್ಬಂಗೆ ರೂಢಿ ಐತೆ."

ಗಂಡ ಹೆಂಡತಿ ಇಬ್ಬರೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮುಂದಿನ ಕೋಣೆಯ ಮಷೀನಿನಲ್ಲಿ ಹತ್ತಿ ಹಿಂಜಿದರು. ಬೆಳಗ್ಗೆ ಅಡಿಕೆ ಸುಲಿಯಲು ಹೋದ ಶಾಯಿಸ್ತಾ ಸಂಜೆ ಬಂದು ದಿಂಬು ತುಂಬಿದಳು. ಜಗಳೂರು ಕಡೆಯ ಸೊಕ್ಕೆಯ ಹುಡುಗಿ, ಇಪ್ಪತ್ನಾಲ್ಕು ವರ್ಷ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ಸುಹೈಲ್ ಒಳಗಿನ ಕೋಣೆಯಿಂದಲೇ "ಚಹಾ" ಎಂದು ಕೂಗುತ್ತಿದ್ದ. ಕೂಗಿದ ಕಡೆಗೆ ಲೋಟ ಹೋಗುತ್ತಿತ್ತು.

ಹಾಸಿಗೆ ಕೆಲಸ ಮುಗಿಯುವ ಹೊತ್ತಿಗೆ ಚನ್ನಗಿರಿಯಿಂದ ಮುಬಾರಕ್ ಬೈಕಿನಲ್ಲಿ ಬಂದ. ಗಲ್ಫಿಗೆ ಜನ ಕಳಿಸುವ ಏಜೆಂಟು. ಸುಹೈಲ್‌ನ ವೀಸಾ ಮಾಡಿಸಿದವನೂ ಅವನೇ. ಅವನ ಮುಖ ಕಂಡ ಕೂಡಲೆ ಮುಮ್ತಾಜ್, "ಸಂಬಳ ಕೊಡದ ಕಫೀಲನ್ನ ಹುಡುಕಿ ಕೊಟ್ಟೆಲ್ಲಪ್ಪ, ನಿಂಗೆ ಒಳ್ಳೇದಾಗ್ಲಿ" ಎಂದಳು.

"ನಸೀಬು ಭಾಭಿ. ನಾನು ಬಾಗಿಲತನಕ ಬಿಡೋನು. ಒಳಗಿಂದು ನನ್ನ ಕೈಲಿಲ್ಲ," ಎಂದು ನಗುತ್ತ ಕೂತ. ರಸೂಲ್ ಕೋಳಿ ತರಿಸಿದ್ದ. ಮುಬಾರಕ್ ಎಲುಬನ್ನು ಚೀಪಿ ಚೀಪಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟ. ಬೆಂಕಿಕಡ್ಡಿಯಿಂದ ಹಲ್ಲಿನ ಸಂದಿ ಕೆದಕಿ, ಕಡ್ಡಿಯ ತುದಿಗೆ ಬಂದದ್ದನ್ನು ಒಮ್ಮೆ ನೋಡಿ, ಮತ್ತೆ ಬಾಯಿಗೆ ಹಾಕಿಕೊಂಡ. ಆಮೇಲೆ ಮಾತು ತೆಗೆದ.

"ಫೋಟೋ ಅವರಿಗೆ ಹಿಡಿಸೈತೆ ಸುಹೈಲ್. ದೊಡ್ಡ ಮನೆ, ಮೂರು ಮಕ್ಕಳು. ಆದ್ರೆ ಒಂದು ತೊಡಕು. ಮೂವತ್ತರ ಒಳಗಿನ ಹೆಂಗಸರನ್ನ ಮನೆಗೆಲಸಕ್ಕೆ ಕಳಿಸಾಕೆ ನಮ್ಮ ಸರ್ಕಾರ ಬಿಡಲ್ಲ. ಹಂಗಾಗಿ ವಿಸಿಟ್ ವೀಸಾದಾಗೆ ದುಬೈಗೆ ಕಳಿಸಾಣ. ಅಲ್ಲಿಂದ ಮುಂದೆ ನಮ್ಮೋರು ನೋಡ್ಕೋತಾರೆ."

"ಯಾರ ಫೋಟೋ?" ಎಂದಳು ಮುಮ್ತಾಜ್.

ರಸೂಲ್ ಕೈ ತೊಳೆಯಲು ಎದ್ದ.

"ಸುಹೈಲ್, ಯಾರ ಫೋಟೋನೋ?"

"ಶಾಯಿಸ್ತಾಂದು. ಎರಡು ವರ್ಷದ ಮಾತು ಅಮ್ಮ. ಮೇಲಿನ ಮನೆ ಮುಗಿದ್ರೆ ಬಾಡಿಗೆಗೆ ಕೊಡಬಹುದು."

"ಬಾಗಿಲಿಲ್ಲದ ಕಕ್ಕಸಿನ ಪಕ್ಕ ಉಂಡು ಬಂದೋನು ನೀನು! ಹೆಂಡ್ತೀನ ಅಲ್ಲಿಗೆ ಕಳಿಸ್ತೀಯಾ?"

"ಅದು ಜೈಲು. ಇದು ಮನೆ. ಹೆಂಗಸರಿಗೆ ಮನೆಯೊಳಗೆ ಏನು ಕಷ್ಟ? ನೀನು ಚೆನ್ನಾಗೇ ಇದ್ಯಲ್ಲ."

"ನಾನು ಚೆನ್ನಾಗಿದ್ದೆ ಅಂತ ನಿಂಗ್ಯಾರು ಹೇಳಿದ್ರು?"

"ನೀನು ಯಾವತ್ತೂ ಏನೂ ಹೇಳಲಿಲ್ಲ."

ನಲ್ಲಿಯ ಹತ್ತಿರ ರಸೂಲ್ ಕೈ ತೊಳೆಯುತ್ತಲೇ ಇದ್ದ. ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತಿದ್ದ.

ಅಡಿಗೆಮನೆಯ ಬಾಗಿಲಿಗೆ ಶಾಯಿಸ್ತಾ ಬಂದು ನಿಂತಳು. "ಫೋಟೋ ನಾನೇ ಕೊಟ್ಟಿದ್ದು ಅತ್ತೆ. ಅವರನ್ನ ಬೈಬ್ಯಾಡ್ರಿ."

"ನಿಂಗೇನು ಹುಚ್ಚು ಹಿಡಿದೈತಾ?"

"ಈ ಮನೆ ಯಾರದು ಅಂದ್ರೆ ಮುಮ್ತಾಜಕ್ಕಂದು ಅಂತಾರೆ ಓಣಿಯಾಗೆ. ಮಾವಂದು ಅನ್ನಲ್ಲ. ಹೋಗಿ ಬಂದಿದ್ದಕ್ಕೆ ತಾನೆ? ನಾನು ಜಯದೇವಪ್ಪನೋರ ಅಂಗಳದಾಗೆ ಅಡಿಕೆ ಸುಲಿದು ಸುಲಿದು ಬೆರಳು ಕಪ್ಪಾದ್ವು. ತಂದ ಕೂಲೀನ ಇವರ ಕೈಗೆ ಕೊಟ್ಟು, ತಲೆಗೆಣ್ಣೆಗೂ ಇವರನ್ನೇ ಕೇಳಬೇಕು. ನೀವು ಹೋಗಬಹುದು, ನಾನು ಹೋಗಬಾರದಾ?"

"ಹೋಗಬಾರದು."

"ಯಾಕೆ?"

ಮುಮ್ತಾಜ್ ಬಾಯಿ ತೆರೆದಳು. ಮುಬಾರಕ್ ಹಲ್ಲು ಕೆದಕುವುದನ್ನು ನಿಲ್ಲಿಸಿ ಕಿವಿಗೊಟ್ಟು ಕೂತಿದ್ದ. ಅವಳು ಅವನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಎಲುಬುಗಳನ್ನು ನಾಯಿಗೆ ಸುರಿದಳು.

ಹದಿನೈದು ದಿನದೊಳಗೆ ವೀಸಾ ಬಂತು. ಶಾಯಿಸ್ತಾ ಹೊಸ ಚೂಡಿದಾರ್ ಹಾಕಿಕೊಂಡು ಹೊರಟಳು. ಮುಬಾರಕ್‌ನ ಕಡೆಯವನೊಬ್ಬ ಬೆಂಗಳೂರಿನವರೆಗೆ ಜೊತೆಗಿದ್ದ. ಮುನ್ನಿ ಅತ್ತಿತು. ಸುಹೈಲ್ ಮಗುವಿಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸಿದ.

ಎರಡನೇ ದಿನ ಮಧ್ಯಾಹ್ನ ಶಾಯಿಸ್ತಾ ಬಾಗಿಲಲ್ಲಿ ನಿಂತಿದ್ದಳು. ಅದೇ ಚೂಡಿದಾರ್, ಅದೇ ಬ್ಯಾಗು. ಮುನ್ನಿ ಓಡಿಹೋಗಿ ಕಾಲು ತಬ್ಬಿಕೊಂಡಿತು. ಸುಹೈಲ್ ಕೂತಲ್ಲಿಂದ ಏಳದೆ "ಏನಾಯ್ತು?" ಎಂದ.

"ಬಿಡಲಿಲ್ಲ."

"ಹೇಳಿಕೊಟ್ಟಂಗೆ ಹೇಳಲಿಲ್ವಾ?"

"ಹೇಳಿದೆ. ಚಿಕ್ಕಮ್ಮನ ಮನೆಗೆ ಹೋಗ್ತಿದೀನಿ, ಹದಿನೈದು ದಿನ ಇದ್ದು ಬರ್ತೀನಿ ಅಂತ. ಪಾಸ್‌ಪೋರ್ಟ್ ನೋಡೋನು ನನ್ನ ಮುಖಾನೇ ನೋಡಲಿಲ್ಲ. ಕೈ ತೋರಿಸು ಅಂದ. ತೋರಿಸಿದೆ. ತಿರುಗಿಸಿ ತೋರಿಸು ಅಂದ. ಪಕ್ಕದೋನನ್ನ ಕರೆದ. ನೋಡಿಲ್ಲಿ, ದುಬೈಗೆ ಟೂರ್ ಹೊರಟಿರೋ ಕೈ ಅಂದ. ಇಬ್ಬರೂ ನಕ್ಕರು. ಹಿಂದೆ ಲೈನಿನಾಗೆ ನಿಂತೋರೂ ನಕ್ಕರು." ಶಾಯಿಸ್ತಾ ಅಡಿಕೆಯ ಚೊಗರಿನಿಂದ ಕಪ್ಪಾಗಿದ್ದ ಬೆರಳುಗಳನ್ನು ದುಪಟ್ಟಾದೊಳಗೆ ಸೇರಿಸಿಕೊಂಡಳು. "ಆಚೆ ಕೂರಿಸಿದ್ರು. ಮುಬಾರಕಣ್ಣನ ಕಡೆಯೋನು ಫೋನ್ ಎತ್ತಲಿಲ್ಲ. ನೆಲದ ಮೇಲೆ ಕೂತಿದ್ದು, ಆಮೇಲೆ ಬಸ್ ಹಿಡಿದು ಬಂದೆ."

"ನಿಂಬೆಹುಳಿ ಹಚ್ಚಿ ಬೆರಳು ತಿಕ್ಕಬೇಕಿತ್ತು," ಎಂದ ಸುಹೈಲ್. "ಅಷ್ಟು ಬುದ್ಧಿ ಬ್ಯಾಡ್ವಾ?"

ಮುಮ್ತಾಜ್ ಸೊಸೆಯನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಬಿಸಿ ಅನ್ನ, ಮೊಟ್ಟೆ ಸಾರು ಬಡಿಸಿದಳು. ಶಾಯಿಸ್ತಾ ಎರಡು ತುತ್ತು ಉಂಡು, "ನಿಮಗೆ ಖುಷಿ ಆಯ್ತಲ್ಲ ಅತ್ತೆ" ಎಂದಳು.

"ಉಣ್ಣು," ಎಂದಳು ಮುಮ್ತಾಜ್.

ಮುಂದಿನ ಭಾನುವಾರ ಮುಬಾರಕ್ ಮತ್ತೆ ಬಂದ. ಈ ಸಲ ಸುಹೈಲ್ ಮಟನ್ ತಂದಿದ್ದ. ಖರ್ಚಾದ ದುಡ್ಡಿನ ಮಾತು, ಬೇರೆ ಊರಿನ ಏರ್‌ಪೋರ್ಟಿನ ಮಾತು, ಒಂದು ವರ್ಷ ಕಾಯಬೇಕೆಂಬ ಮಾತು ಎಲ್ಲ ಆಯಿತು. ಮುಮ್ತಾಜ್ ಸಾರು ಬಡಿಸಲು ಬಗ್ಗಿದಾಗ ಮುಬಾರಕ್ ಅವಳ ತೋಳು, ಬೆನ್ನು, ಸೊಂಟ ಎಲ್ಲವನ್ನೂ ಒಂದು ಸಲ ನೋಡಿದ. ಸಂತೆಯಲ್ಲಿ ದನದ ಹಲ್ಲು ನೋಡುವವರ ನೋಟ ಅದು.

"ಭಾಭಿಗೆ ಎಷ್ಟಾಯ್ತು ವಯಸ್ಸು?"

"ನಲವತ್ತೆಂಟು," ಎಂದ ರಸೂಲ್.

"ಗಟ್ಟಿಮುಟ್ಟಾಗಿದಾರೆ. ಶುಗರ್ ಗಿಗರ್ ಏನಿಲ್ಲಲ್ಲ? ನೋಡ್ರಿ, ಮೂವತ್ತು ತುಂಬಿದೋರಿಗೆ ಕದ್ದುಮುಚ್ಚಿ ಹೋಗೋ ಗೋಜೇ ಇಲ್ಲ. ಸರ್ಕಾರದ ದಾರೀಲೇ ಹೋಗಬಹುದು. ಐವತ್ತರೊಳಗೆ ಇರಬೇಕು ಅಷ್ಟೆ. ಅರಬ್ಬಿ ಗೊತ್ತಿರೋರು, ಅಲ್ಲಿ ಅಡಿಗೆ ಗೊತ್ತಿರೋರು ಅಂದ್ರೆ ಕಣ್ಣಿಗೊತ್ಕೋತಾರೆ. ಭಾಭಿಗೆ ಎರಡೂ ಬರ್ತದೆ."

ಮುಮ್ತಾಜ್ ಸಾರಿನ ಸೌಟು ಹಿಡಿದು ನಿಂತೇ ಇದ್ದಳು. ಗಂಡ ಅವಳನ್ನು ನೋಡಿದ. ಮಗ ನೋಡಿದ. ಇಬ್ಬರೂ ಒಂದೇ ಹೊತ್ತಿಗೆ, ಒಂದೇ ಥರ.

"ಅಮ್ಮಂಗೆ ನಿಲ್ಲಬ್ಯಾಡ ಅಂತ ಹೇಳು ಶಾಯಿಸ್ತಾ," ಎಂದ ಸುಹೈಲ್. "ನೀನು ಬಡಿಸು. ಅಮ್ಮ, ನೀನೂ ಕೂತ್ಕೋ ನಮ್ಮ ಜೊತೆ."

ಗಂಡಸರ ಜೊತೆ ಕೂತು ಉಣ್ಣು ಎಂದು ಆ ಮನೆಯಲ್ಲಿ ಯಾರೂ ಅವಳಿಗೆ ಅದುವರೆಗೆ ಹೇಳಿರಲಿಲ್ಲ.

ಅವತ್ತಿನಿಂದ ಪ್ರೀತಿ ಶುರುವಾಯಿತು. ಬೆಳಗ್ಗೆ ಕಣ್ಣು ಬಿಡುವ ಹೊತ್ತಿಗೆ ರಸೂಲ್ ಚಹಾ ತಂದು ಹಾಸಿಗೆಯ ಪಕ್ಕ ಇಡುತ್ತಿದ್ದ. ಸುಹೈಲ್ ಪೇಟೆಗೆ ಹೋಗಿ ಅವಳಿಗೆ ಮೆತ್ತನೆಯ ಚಪ್ಪಲಿ ತಂದ. ಸಂಜೆ ಬಂದು ಕಾಲು ಒತ್ತುತ್ತಿದ್ದ. ಒತ್ತುವಾಗ ಮಂಡಿಯ ಹತ್ತಿರ ಕೈ ನಿಲ್ಲಿಸಿ, "ಇಲ್ಲಿ ನೋವೈತಾ ಅಮ್ಮ? ಮೆಟ್ಟಿಲು ಹತ್ತುವಾಗ ಏನಾದ್ರೂ ಅನ್ನಿಸ್ತದಾ?" ಎಂದು ಕೇಳುತ್ತಿದ್ದ. ಕೇಳುವುದು ಯಾಕೆಂದು ಅವಳಿಗೆ ಗೊತ್ತಿತ್ತು. ನಲ್ಲಿಮೂಳೆ ತಂದಾಗ ಮಜ್ಜೆಯಿರುವ ತುಂಡನ್ನು ಹುಡುಕಿ ಅವಳ ತಟ್ಟೆಗೇ ಹಾಕಿದರು. ಅದನ್ನು ಹಾಕಿದವಳು ಶಾಯಿಸ್ತಾ.

"ನೀನೂನಾ?" ಎಂದಳು ಮುಮ್ತಾಜ್.

ಶಾಯಿಸ್ತಾ ಪಾತ್ರೆ ತೊಳೆಯಲು ಹೋದಳು.

ಮೊದಲ ದಿನವೇ ಮುಮ್ತಾಜ್ "ನಾನು ಹೋಗಲ್ಲ" ಎಂದಿದ್ದಳು. ಕೇಳಿ ಯಾರೂ ಸಿಟ್ಟಾಗಲಿಲ್ಲ. ಸುಹೈಲ್ ಅವಳ ಪಾದ ಹಿಡಿದು ಅತ್ತುಬಿಟ್ಟ. ಮೂಗಿನ ಸಿಂಬಳ ಅವಳ ಕಾಲ ಮೇಲೆ ಬಿತ್ತು. "ಒಂದೇ ಒಂದು ಸಲ ಅಮ್ಮ. ನನ್ನ ಬದುಕು ಹಿಂಗಾಯ್ತು. ಮುನ್ನಿ ಮುಖ ನೋಡು." ಮುನ್ನಿಗೂ ಕಲಿಸಿಕೊಟ್ಟಿದ್ದರು. ಅದು ಬಂದು ಕೊರಳಿಗೆ ಜೋತುಬಿದ್ದು, "ಅಜ್ಜಿ, ನಂಗೆ ಅಲ್ಲಿಂದ ಗೊಂಬೆ ತಾ" ಎಂದಿತು. ಮಗುವಿನ ಬಾಯಲ್ಲಿ ಆ ಮಾತು ಕೇಳಿ ಮುಮ್ತಾಜ್ ಮಗನ ಕೈಯನ್ನು ಕಾಲಿನಿಂದ ಕೊಡವಿ ಎದ್ದಳು. ಸವಳಂಗದಿಂದ ಸಾಯಿಮಾ ಫೋನಿನಲ್ಲಿ "ಬ್ಯಾಡಮ್ಮ, ಅವರು ಏನೇ ಅಂದ್ರೂ ಹೋಗಬ್ಯಾಡ" ಎಂದು ಅತ್ತಳು. ಫೋನ್ ಇಟ್ಟ ಮೇಲೆ ಸುಹೈಲ್, "ಅಕ್ಕಂಗೇನು, ಕೊಟ್ಟ ಮನೇಲಿ ಆರಾಮಾಗಿ ಐದಾಳೆ" ಎಂದ.

ಒಂದು ಮಧ್ಯಾಹ್ನ ಗಂಡಸರಿಬ್ಬರೂ ಮಸೀದಿಗೆ ಹೋಗಿದ್ದಾಗ ಅತ್ತೆ ಸೊಸೆ ಅಕ್ಕಿ ಆರಿಸುತ್ತ ಕೂತಿದ್ದರು. ಶಾಯಿಸ್ತಾ ಮೊರದಿಂದ ಕಣ್ಣೆತ್ತದೆ ಕೇಳಿದಳು: "ಅಲ್ಲಿ ಏನಾಯ್ತು ಅತ್ತೆ? ಬಿಸಿಲು ಅನ್ನಬ್ಯಾಡ್ರಿ."

ಮುಮ್ತಾಜ್ ಎರಡು ಕಲ್ಲು ಆರಿಸಿ ಆಚೆ ಎಸೆದಳು.

"ಆ ಮನೇಲಿ ಒಬ್ಬ ಮುದುಕ ಇದ್ದ. ಎದ್ದು ಓಡಾಡಾಕೆ ಆಗ್ತಿರಲಿಲ್ಲ. ಉಚ್ಚೆ ಕಕ್ಕಸು ಎಲ್ಲ ಬಳೀತಿದ್ದೆ. ಅದರ ಬಗ್ಗೆ ಬ್ಯಾಸರ ಇಲ್ಲ, ಮುದುಕರು ಅಂದ್ಮೇಲೆ ಅದು ಇದ್ದದ್ದೇ. ಮೈ ಒರೆಸುವಾಗ ನನ್ನ ಕೈ ಹಿಡ್ಕೊಂಡು ಎಲ್ಲಿಡಬಾರದೋ ಅಲ್ಲಿಡ್ತಿದ್ದ. ಹಲ್ಲಿಲ್ಲದ ಬಾಯಿ ತೆಕ್ಕೊಂಡು ನಗ್ತಿದ್ದ. ದಿನಾ. ಮೇಡಮ್‌ಗೆ ಹೇಳಿದೆ."

"ಏನಂದಳು?"

"ಗ್ಲೋವ್ಸ್ ತಂದುಕೊಟ್ಟಳು."

ಶಾಯಿಸ್ತಾ ಮೊರವನ್ನು ಪಕ್ಕಕ್ಕಿಟ್ಟಳು.

"ಅವರು ಉಂಡು ಬಿಟ್ಟಿದ್ದನ್ನ ಎಲ್ಲ ತಟ್ಟೆಯಿಂದ ಒಂದಕ್ಕೆ ಬಳಿದು ನನಗೆ ಇಡ್ತಿದ್ರು. ಕೋಳಿ ತುಂಡಿನ ಮೇಲೆ ಹಲ್ಲಿನ ಗುರುತು ಹಂಗೇ ಇರ್ತಿತ್ತು. ಓಡಿಹೋಗಾಣ ಅಂದ್ರೆ ಪಾಸ್‌ಪೋರ್ಟ್ ಅವರ ಬೀರುವಿನಾಗೆ. ಬಿಟ್ಟು ಹೋದ್ರೆ ನನ್ನೇ ಕಳ್ಳಿ ಅಂತ ಹಿಡೀತಾರೆ. ಈಗ ನಿನ್ನ ಗಂಡನ್ನ ಹಿಡಿದಂಗೆ."

"ಮಾವಂಗೆ ಹೇಳಲಿಲ್ವಾ ನೀವು?"

"ಹೇಳಿದೆ. ಮೊದಲ ತಿಂಗಳೇ ಫೋನ್ ಮಾಡಿ ಎಲ್ಲಾನೂ ಹೇಳಿದೆ. ಗೋಡೆ ಎದ್ದೈತೆ, ಸ್ಲ್ಯಾಬ್ ಒಂದು ಆಗಿಬಿಡ್ಲಿ, ಅಲ್ಲೀಗಂಟ ತಡ್ಕೋ ಅಂದರು."

ಶಾಯಿಸ್ತಾ ತಲೆಯೆತ್ತಿ ಮೇಲಿನ ಸ್ಲ್ಯಾಬ್ ನೋಡಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಹಿತ್ತಲಿಗೆ ಹೋದಳು. ಅವಳು ವಾಂತಿ ಮಾಡಿಕೊಳ್ಳುವ ಸದ್ದು ಒಳಗೆ ಕೇಳಿಸಿತು. ಬಾಯಿ ತೊಳೆದುಕೊಂಡು ಬಂದು, "ಹೋಗಬ್ಯಾಡ್ರಿ ಅತ್ತೆ. ಹೋಗಲ್ಲ ಅಂತ ಗಟ್ಟಿಯಾಗಿ ಹೇಳ್ರಿ" ಎಂದಳು.

"ಹೇಳೀನಲ್ಲ. ಯಾರ ಕಿವಿಗೆ ಬಿತ್ತು? ಮೊದಲಾದ್ರೆ ಹೊಡೀತಿದ್ರು, ಬೈತಿದ್ರು. ವಾಪಸ್ ಬೈಬಹುದಿತ್ತು. ಈಗ ಕಾಲು ಒತ್ತುತಾರೆ."

ಅವಳನ್ನು ಬೆಂಗಳೂರಿಗೆ ಮೊದಲ ಸಲ ಕರೆದೊಯ್ದದ್ದು ವೈದ್ಯಕೀಯ ಪರೀಕ್ಷೆಗೆ. ರಕ್ತ, ಉಚ್ಚೆ, ಎಕ್ಸ್‌ರೇ. ಒಂದು ಹುಡುಗಿ ಬಂದು ಹೊಟ್ಟೆ ಒತ್ತಿ, ಬಾಯಿ ತೆರೆಸಿ, ಹೆರಿಗೆ ಎಷ್ಟಾಗಿದೆ, ಮುಟ್ಟು ನಿಂತಿದೆಯೋ ಇಲ್ಲವೋ ಎಂದು ಬಾಗಿಲ ಆಚೆಗೂ ಕೇಳುವಂತೆ ಕೇಳಿದಳು. ವಾರ ಬಿಟ್ಟು ಮುಬಾರಕ್ ಫೋನ್ ಮಾಡಿ "ಫಿಟ್" ಎಂದ. ಸುಹೈಲ್ ಪೇಡೆ ತಂದು ಓಣಿಗೆಲ್ಲ ಹಂಚಿದ. "ನಮ್ಮಮ್ಮಂಗೆ ಏನೂ ಕಾಯಿಲೆ ಇಲ್ಲ!" ಎಂದು ಹೇಳಿಕೊಂಡು ಹಂಚಿದ. ಅವಳ ಬಾಯಿಗೂ ಒಂದು ಪೇಡೆ ಇಟ್ಟ. ಅವನು ಆ ಕಡೆ ತಿರುಗಿದ ಮೇಲೆ ಮುಮ್ತಾಜ್ ಅದನ್ನು ಅಂಗೈಗೆ ಉಗಿದು ಒಲೆಗೆ ಹಾಕಿದಳು.

ಎರಡನೇ ಸಲ ಹೋದದ್ದು ಹೊರದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಒಪ್ಪಿಗೆ ಕೊಡುವ ಸರ್ಕಾರದ ಕಚೇರಿಗೆ. ರಸೂಲ್ ಜೊತೆಗೆ ಬಂದ. ದಾರಿಯುದ್ದಕ್ಕೂ ಕಿಟಕಿ ಪಕ್ಕದ ಸೀಟು ಅವಳಿಗೇ ಬಿಟ್ಟುಕೊಟ್ಟ. ಬಸ್ ನಿಂತಲ್ಲೆಲ್ಲ ಇಳಿದು ಏನಾದರೂ ತಂದ. ಕಡಲೆಕಾಯಿ, ಸೌತೆಕಾಯಿ, ಬಾಳೆಹಣ್ಣು.

"ತಗೋ, ತಿನ್ನು."

"ಬ್ಯಾಡ."

"ಯಾಕೆ ಹಿಂಗೆ ಮಾಡ್ತೀಯ? ಈ ಸಲ ಮೊದಲಿನಂಗಲ್ಲ. ಕಾಯ್ದೆ ಐತೆ, ಕರಾರು ಐತೆ, ಮೊಬೈಲ್ ಇಟ್ಕೋಬಹುದಂತೆ. ಏನೇ ಆದ್ರೂ ನಂಗೆ ಫೋನ್ ಮಾಡಬಹುದು."

"ಆಗಲೂ ಫೋನ್ ಇತ್ತಲ್ಲ," ಎಂದಳು ಮುಮ್ತಾಜ್.

ರಸೂಲ್ ಸೌತೆಕಾಯಿಯನ್ನು ಕವರಿಗೆ ವಾಪಸ್ ಹಾಕಿದ.

ಕಚೇರಿಯ ಬೆಂಚಿನ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಎಲ್ಲರೂ ಮೂವತ್ತು ತುಂಬಿದವರು. ಬಳೆ ಬಿಚ್ಚಿಟ್ಟು ಬಂದ ಕೈಗಳು, ಹೊಸ ಚಪ್ಪಲಿ ಕಚ್ಚಿದ ಕಾಲುಗಳು. ಪ್ರತಿಯೊಬ್ಬಳ ಪಕ್ಕದಲ್ಲೂ ಒಬ್ಬ ಗಂಡನೋ ಅಣ್ಣನೋ ಮಗನೋ ನೀರಿನ ಬಾಟಲಿ ಹಿಡಿದು ಬಹಳ ಕಾಳಜಿಯಿಂದ ಕೂತಿದ್ದ. ಮುಮ್ತಾಜ್ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

ಹೆಸರು ಕರೆದಾಗ ಇಬ್ಬರೂ ಒಳಗೆ ಹೋದರು. ಅಧಿಕಾರಿ ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೇಳುತ್ತ ಹೋದ. ಹೆಸರು, ಊರು, ಕೆಲಸ, ಸಂಬಳ. ಎಲ್ಲದಕ್ಕೂ ರಸೂಲ್ ಉತ್ತರ ಕೊಟ್ಟ.

"ಸ್ವಂತ ಇಷ್ಟದಿಂದ ಹೋಗ್ತಿದೀರಾ?"

"ಹೌದು ಸಾರ್," ಎಂದ ರಸೂಲ್.

"ನಿಮ್ಮನ್ನಲ್ಲ. ಅವರನ್ನ ಕೇಳಿದ್ದು."

ಮುಮ್ತಾಜ್ ಅಧಿಕಾರಿಯ ಮುಖ ನೋಡಿದಳು. ಅವನ ಬೆರಳು ಆಗಲೇ ಮುಂದಿನ ಗುಂಡಿಯ ಮೇಲಿತ್ತು. ಇಷ್ಟು ದಿನದಲ್ಲಿ, ಏಜೆಂಟು, ಡಾಕ್ಟರು, ಗಂಡ, ಮಗ, ಮೊಮ್ಮಗು ಎಲ್ಲರೂ ಅವಳನ್ನು ಏನೇನೋ ಕೇಳಿದ್ದರು. ಇದೊಂದನ್ನು ಕೇಳಿರಲಿಲ್ಲ.

"ಇಲ್ಲ ಸಾರ್," ಎಂದಳು.

"ಅವಳಿಗೆ ಅಂಜಿಕೆ ಸಾರ್," ಎಂದು ರಸೂಲ್ ನಕ್ಕ. "ಮೊದಲೂ ಹೋಗಿ ಬಂದೋಳೇ. ಹೂಂ ಅನ್ನು ಮುಮ್ತಾಜ್."

"ನೀವು ಆಚೆ ನಿಂತ್ಕೊಳ್ರಿ," ಎಂದ ಅಧಿಕಾರಿ. ರಸೂಲ್ ಬಾಗಿಲವರೆಗೆ ಹೋಗಿ ನಿಂತ. "ಯಾರಾದ್ರೂ ಬಲವಂತ ಮಾಡಿದಾರೇನಮ್ಮ?"

"ಇಲ್ಲ ಸಾರ್. ಭಾಳ ಪ್ರೀತಿಯಿಂದ ಕಳಿಸ್ತಿದಾರೆ. ನನಗೆ ಅದೇ ಸಹಿಸಾಕೆ ಆಗ್ತಿಲ್ಲ."

ಅಧಿಕಾರಿ ಮೊದಲ ಸಲ ಅವಳ ಮುಖ ನೋಡಿ ಗಡಿಯಾರದ ಕಡೆ ತಿರುಗಿದ. ಹೊರಗೆ ಇನ್ನೂ ಉದ್ದ ಸಾಲಿತ್ತು. "ಕಥೆ ಎಲ್ಲ ಬೇಡಮ್ಮ. ಹೋಗ್ತೀರೋ ಇಲ್ಲವೋ?"

"ಹೋಗಲ್ಲ."

"ಆಯ್ತು," ಎಂದು ಅವನು ಗುಂಡಿ ಒತ್ತಿದ. "ಮುಂದಿನವರು."

ವಾಪಸ್ ಬರುವಾಗ ಕಿಟಕಿ ಪಕ್ಕ ರಸೂಲ್ ಕೂತ. ತುಮಕೂರು ದಾಟಿದ ಮೇಲೆ, "ಮಗಂಗೆ ಏನಂತ ಹೇಳ್ಲಿ?" ಎಂದ.

"ಸ್ಲ್ಯಾಬ್ ಆಗಲ್ಲ ಅಂತ ಹೇಳ್ರಿ," ಎಂದಳು.

ಸುಹೈಲ್ ಅವತ್ತು ತಟ್ಟೆ ಎಸೆದ. ಗೋಡೆಯ ಮೇಲೆ ಸಾರು ಇಳಿಯಿತು. "ತಾಯಿ ಅಂತ ಕಾಲು ಹಿಡಿದೆ! ಎಷ್ಟು ಖರ್ಚಾಯ್ತು ಗೊತ್ತಾ? ಮುಬಾರಕ್ ನನ್ನ ಕುತ್ತಿಗೆ ಮೇಲೆ ಕೂತಾನೆ!"

"ಮುಂದಿನ ಕೋಣ್ಯಾಗೆ ಹತ್ತಿ ಮಷೀನ್ ಐತೆ," ಎಂದಳು ಮುಮ್ತಾಜ್. "ಮೂಗಿಗೆ ಬಟ್ಟೆ ಕಟ್ಕೋ."

"ನಾನು ಸಾಯ್ತೀನಿ."

"ಗೋಡೆ ಒರೆಸಿ ಸಾಯಿ," ಎಂದಳು ಶಾಯಿಸ್ತಾ.

ಸುಹೈಲ್ ಕೈ ಎತ್ತಿದ. ಮುಮ್ತಾಜ್ ನಡುವೆ ಬರಲಿಲ್ಲ, ಬರಬೇಕಾಗಲೂ ಇಲ್ಲ. ಶಾಯಿಸ್ತಾ ಲಟ್ಟಣಿಗೆ ಹಿಡಿದು ನಿಂತಿದ್ದಳು. ಅವನು ಬಾಗಿಲು ದೂಡಿಕೊಂಡು ಹೊರಗೆ ಹೋದ. ಆ ಸಾರಿನ ಕಲೆಯನ್ನು ಮೂರು ದಿನ ಯಾರೂ ಒರೆಸಲಿಲ್ಲ. ನೊಣ ಕೂತವು. ನಾಲ್ಕನೇ ದಿನ ರಸೂಲ್ ಯಾರಿಗೂ ಕಾಣದಂತೆ ಒದ್ದೆ ಬಟ್ಟೆ ತಂದು ಒರೆಸಿದ.

ಅತ್ತೆ ಸೊಸೆ ಬೆಳಗ್ಗೆ ಒಟ್ಟಿಗೆ ಅಡಿಕೆ ಸುಲಿಯಲು ಹೋಗಿ ಸಂಜೆ ಒಟ್ಟಿಗೆ ಬರತೊಡಗಿದರು. ಸುಹೈಲ್ ಮಷೀನಿನ ಹತ್ತಿರವೂ ಸುಳಿಯಲಿಲ್ಲ. ಮಾಳಿಗೆಯ ಮೇಲೆ, ಅರ್ಧ ಗೋಡೆಯ ನೆರಳಿನಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದ.

ಒಂದು ಶುಕ್ರವಾರ ಅಡಿಕೆ ಕೆಲಸಕ್ಕೆ ರಜೆ. ಮುಮ್ತಾಜ್ ಒಣಮೆಣಸಿನಕಾಯಿ ಹರವಲು ಮಾಳಿಗೆಗೆ ಹೋದಳು. ಕೊನೆಯ ಮೆಟ್ಟಿಲಲ್ಲಿದ್ದಾಗ ಮಗನ ದನಿ ಕೇಳಿಸಿತು.

"ಹೂಂ ಭಾವ, ಅದೇ ಹೇಳ್ತಿರೋದು. ಸರ್ಕಾರದ ದಾರೀಲೇ ಹೋಗೋದು, ಏನೂ ಹೆದರಿಕೆ ಇಲ್ಲ. ಗೂಡ್ಸ್ ಆಟೋ ಬಿಟ್ಟು ನೀವು ಲಾರೀನೇ ತಗೋಬಹುದು. ಮೊದಲ ಎರಡು ತಿಂಗಳ ಸಂಬಳ ನನಗೆ ಬಂದ್ರೆ ಸಾಕು, ಮುಬಾರಕ್‌ದು ತೀರಿಸಿಬಿಡ್ತೀನಿ. ಅಕ್ಕಂಗೆ ಮೂವತ್ತು ತುಂಬೈತಲ್ಲ? ಹೋದ ತಿಂಗಳೇ ತುಂಬ್ತಲ್ಲ? ಹೂಂ, ಹೂಂ. ಜೋರು ಮಾಡಬ್ಯಾಡ್ರಿ. ಮೊದಲು ಚೆನ್ನಾಗಿ ನೋಡ್ಕೊಳ್ರಿ, ಆಮೇಲೆ ನಿಧಾನಕ್ಕೆ ಮಾತು ತೆಗೀರಿ."

ಮುಮ್ತಾಜ್ ಮೆಣಸಿನಕಾಯಿಯ ಮೊರವನ್ನು ಮೆಟ್ಟಿಲ ಮೇಲೇ ಇಟ್ಟು ಕೆಳಗಿಳಿದಳು. ಬುರ್ಖಾ ಹಾಕಿಕೊಂಡಳು.

"ಶಾಯಿಸ್ತಾ, ಮುನ್ನೀನ ಎತ್ಕೋ."

"ಎಲ್ಲಿಗೆ ಅತ್ತೆ?"

"ಸವಳಂಗಕ್ಕೆ. ನಡಿ, ದಾರೀಲಿ ಹೇಳ್ತೀನಿ."

ಬಾಗಿಲಲ್ಲಿ ಕೂತಿದ್ದ ರಸೂಲ್ "ಅಡಿಗೆ?" ಎಂದ. ಇಬ್ಬರೂ ಅವನನ್ನು ದಾಟಿಕೊಂಡು ಹೋದರು.

ಸವಳಂಗದ ಮೇಲೆ ಹೋಗುವ ಶಿವಮೊಗ್ಗದ ಬಸ್ಸು ಹೊರಡುವುದರಲ್ಲಿತ್ತು. ಓಡಿ ಹತ್ತಿ, ಸೀಟು ಸಿಗದೆ ಕಂಬಿ ಹಿಡಿದು ನಿಂತು ಮುಮ್ತಾಜ್ ಮಗಳಿಗೆ ಫೋನ್ ಮಾಡಿದಳು. ಮೂರನೇ ರಿಂಗಿಗೆ ಸಾಯಿಮಾ ಎತ್ತಿದಳು. ದನಿ ಉಲ್ಲಾಸವಾಗಿತ್ತು.

"ಏನಮ್ಮ ಇಷ್ಟೊತ್ತಿನಾಗೆ?"

"ನಿನ್ನ ಗಂಡ ಎಲ್ಲಿ?"

"ಇಲ್ಲೇ ಐದಾರೆ. ಇವತ್ತೇನು ಮಳೆ ಬರ್ತದೋ ಏನೋ, ಬಾಡಿಗೆಗೂ ಹೋಗಿಲ್ಲ. ಕೆರೆ ಮೀನು ತಂದು ತಾವೇ ಸಾರು ಮಾಡಿದಾರೆ, ನನ್ನನ್ನ ಒಲೆ ಹತ್ರಾನೇ ಬಿಟ್ಟಿಲ್ಲ. ಸಂಜೆ ಶಿವಮೊಗ್ಗಕ್ಕೆ ಹೋಗಿ ನಂಗೊಂದು ಸೀರೆ ತರಾಣ ಅಂತಿದಾರೆ." ಸಾಯಿಮಾ ನಕ್ಕಳು. "ಮದುವೆಯಾಗಿ ಇಷ್ಟು ವರ್ಷಕ್ಕೆ ಇವತ್ತು ಬುದ್ಧಿ ಬಂದೈತೆ. ತಟ್ಟೆ ಮುಂದೆ ಕೂತೀನಿ ಕಣಮ್ಮ, ಫೋನ್ ಇಡ್ಲಾ?"

ಬಸ್ಸು ತಿರುವಿನಲ್ಲಿ ವಾಲಿತು. ಮುಮ್ತಾಜ್ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಸಾಯಿಮಾ, ಆ ಮೀನು ಉಣ್ಣಬ್ಯಾಡ," ಎಂದಳು. "ತಟ್ಟೆ ಬಿಟ್ಟು ಏಳು. ನಾನು ಬರ್ತಿದೀನಿ."